ಮಿಸ್ತ್ರಿ ಕಟ್ಟೆ: ಹತ್ತಡಿಯ ಮನೆ ಎಳೆಯಲು ಯಾವ ಗಾಡಿ?

ಓದುಗರ ಗಾಡಿ ಪ್ರಶ್ನೆಗಳಿಗೆ ಬಾಗಲಕೋಟೆ ಹತ್ತಿರದ ಗದ್ದನಕೇರಿ ಕ್ರಾಸಿನ ಹಳೇ ಗ್ಯಾರೇಜ್ ಮಿಸ್ತ್ರಿಯ ಉತ್ತರ

ಪ್ರಶ್ನೆ: ಮಿಸ್ತ್ರಿಯವರಿಗೆ ನಮಸ್ಕಾರ. ಮೂವತ್ನಾಲ್ಕು ವರ್ಷ ಮಾಸ್ತರಕಿ ಮಾಡಿ ಹೋದ ವರ್ಷ ನಿವೃತ್ತನಾದೆ. ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿಗೆ ಹೋದಾಗ ಅವನು ಕಾರಿನ ಹಿಂದೆ ಸಣ್ಣ ಮನೆಯಂಥ ಟ್ರೇಲರ್ ಕಟ್ಟಿಕೊಂಡು ಹದಿನೈದು ದಿನ ನಮ್ಮನ್ನು ತಿರುಗಿಸಿದ. ಆವತ್ತಿನಿಂದ ನಮ್ಮ ಮನೆಯವರಿಗೂ ಅದೇ ಗುಂಗು. ಅವರಿಗೆ ಮೊಳಕಾಲು ನೋವು, ಲಾಡ್ಜಿನ ಮೆಟ್ಟಿಲು ಹತ್ತಲಾಗದು. ಬೆಳಗಾವಿಯ ಉದ್ಯಮಬಾಗದಲ್ಲಿ ಫ್ಯಾಬ್ರಿಕೇಶನ್ ಮಾಡುವ ನನ್ನ ತಮ್ಮನ ಮಗ "ಕಾಕಾ, ಹತ್ತಡಿದು ನಾನೇ ಮಾಡಿಕೊಡ್ತೀನಿ" ಎಂದಿದ್ದಾನೆ. ಎರಡು ಚಕ್ರ, ಎರಡು ಮಂಚ, ಹಿಂದುಗಡೆ ಬಾಗಿಲು ಎತ್ತಿದರೆ ಅಡುಗೆ ಕಟ್ಟೆ, ಅದರ ಕೆಳಗೆ ನೂರು ಲೀಟರ್ ನೀರಿನ ಟಾಕಿ. ಖಾಲಿ ತೂಕ 650 ಕೆ.ಜಿ. ಆಗಬಹುದಂತೆ. ನಮ್ಮಲ್ಲಿ 2019ರ ಪೆಟ್ರೋಲ್ ಎರ್ಟಿಗಾ ಇದೆ. ಅದರ ಶಕ್ತಿ 105 ಕುದುರೆ ಎಂದು ಪುಸ್ತಕದಲ್ಲಿದೆ. ನೆರೆಮನೆಯ ಬೊಲೆರೊ 75 ಕುದುರೆಯದು. ಹಾಗಾದರೆ ಎರ್ಟಿಗಾವೇ ಚೆನ್ನಾಗಿ ಎಳೆಯಬೇಕಲ್ಲ? ಆಗದಿದ್ದರೆ ಎಂಟು ಲಕ್ಷದೊಳಗೆ ಹಳೇ ಗಾಡಿ ಯಾವುದು ತೊಗೊಳ್ಳಲಿ? ಬಾದಾಮಿ, ಪಟ್ಟದಕಲ್ಲು, ಕೂಡಲಸಂಗಮ, ಹಿಡಕಲ್ ನೋಡುವ ಆಸೆ. ಆಮೇಲೆ ಚೋರ್ಲಾ ಘಾಟಿ ಇಳಿದು ಗೋವಾಕ್ಕೂ ಹೋಗಬೇಕು.
— ನಿವೃತ್ತ ಶಿಕ್ಷಕರು, ಜಮಖಂಡಿ

ಉತ್ತರ: ಮಾಸ್ತರ್ರೆ, ಪತ್ರದಲ್ಲಿ ಕುದುರೆ ಶಕ್ತಿಯ ಲೆಕ್ಕ ಬರೆದಿದ್ದೀರಿ, ಬ್ರೇಕಿನ ಹೆಸರೇ ಎತ್ತಿಲ್ಲ. ನನ್ನ ಹತ್ತಿರ ಬರುವವರೆಲ್ಲ ಹೀಗೇ. "ಎಳೀತದೇನ್ರಿ?" ಎಂದು ಕೇಳುತ್ತಾರೆ. ಎಳೆಯದೆ ಏನು ಮಾಡೀತು? ನಿಮ್ಮೂರ ರಸ್ತೆಯಲ್ಲೇ ಕಬ್ಬಿನ ಹಂಗಾಮಿನಲ್ಲಿ ನೋಡಿದ್ದೀರಿ. ಐವತ್ತು ಕುದುರೆಯ ಟ್ರ್ಯಾಕ್ಟರು ಎರಡು ಡಬ್ಬಿ ತುಂಬ ಕಬ್ಬು ಎಳೆದುಕೊಂಡು ಕಾರ್ಖಾನೆ ಮುಟ್ಟುತ್ತದೆ. ಏರಿನಲ್ಲಿ ಅದು ತೆವಳುತ್ತದೆ, ಅಷ್ಟೇ. ಅದು ಮಗುಚುವುದು, ಎದುರಿನವರ ಮೇಲೆ ಹೋಗುವುದು ಇಳಿಜಾರಿನಲ್ಲಿ. ಅದಕ್ಕೇ ಹಿಂದಿನ ಮನೆ ನಿಮ್ಮನ್ನು ನೂಕಿದಾಗ ತಡೆದು ನಿಲ್ಲಬಲ್ಲ ಗಾಡಿ ಯಾವುದು ಎಂದು ಮೊದಲು ನೋಡೋಣ. ಎಳೆಯುವ ಮಾತು ಆಮೇಲೆ.

ನನ್ನ ಪುರಾಣ ಸ್ವಲ್ಪ ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. 1996ರ ಬನಶಂಕರಿ ಜಾತ್ರೆ. ನಾಟಕ ಕಂಪನಿಯೊಂದಕ್ಕೆ ಜನರೇಟರ್ ಬಾಡಿಗೆಗೆ ಒಪ್ಪಿಕೊಂಡಿದ್ದೆ. ನಾನೇ ಬೆಸುಗೆ ಹಾಕಿದ ಎರಡು ಚಕ್ರದ ಟ್ರಾಲಿ, ಅದರ ಮೇಲೆ ಜನರೇಟರು, ಮುಂದೆ ಹಳೇ ಡೀಸೆಲ್ ಜೀಪು. ಇಳಿಸುವಾಗ ಸುಲಭವಾಗಲಿ ಎಂದು ಜನರೇಟರನ್ನು ಹಿಂದಕ್ಕೆ ಸರಿಸಿ ಕಟ್ಟಿದ್ದೆವು. ಕೆರೂರು ದಾಟಿ ಬಾದಾಮಿ ಕಡೆಗೆ ಒಂದು ಇಳಿಜಾರು ಬಂತು. ವೇಗ ಅರವತ್ತು ಮುಟ್ಟಿದ್ದೇ ತಡ, ಟ್ರಾಲಿ ಬಾಲ ಅಲ್ಲಾಡಿಸಲು ಸುರು ಮಾಡಿತು. ಮೊದಲು ಸಣ್ಣಗೆ, ನಾಲ್ಕನೇ ಸಲಕ್ಕೆ ಜೀಪಿನ ಹಿಂಭಾಗವನ್ನೇ ಎಡಕ್ಕೆ ಬಲಕ್ಕೆ ಒಗೆಯತೊಡಗಿತು. ಬುದ್ಧಿ ಇಲ್ಲದೆ ಬ್ರೇಕ್ ತುಳಿದೆ. ಆಮೇಲೆ ನಾವಿದ್ದದ್ದು ಒಬ್ಬ ರೈತರ ಬಿಳಿಜೋಳದ ಹೊಲದಲ್ಲಿ. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ರಾತ್ರಿ ನಾಟಕ ಮೊದಲ ಅಂಕ ಗ್ಯಾಸ್‌ಬತ್ತಿ ಬೆಳಕಿನಲ್ಲೇ ನಡೆಯಿತು. ನಷ್ಟಕ್ಕೆ ಕೊಟ್ಟ ಜೋಳದ ದುಡ್ಡು ಬಾಡಿಗೆಗಿಂತ ಹೆಚ್ಚಾಯಿತು.

ಊರಿಗೆ ಬಂದು ಅಪ್ಪನಿಗೆ ಹೇಳಿದರೆ ಅವನು ನಕ್ಕ. "ಚಕ್ಕಡಿಗೆ ಹೇರು ಹಾಕೂದು ಗೊತ್ತಿಲ್ಲದಾಂವ ಟ್ರಾಲಿ ಎಳಿಯಾಕ ಹ್ವಾದಿ" ಅಂದ. ನಿಮ್ಮ ಮನೆಯಲ್ಲೂ ಒಂದು ಕಾಲಕ್ಕೆ ಚಕ್ಕಡಿ ಇದ್ದೀತು. ಹಿಂದೆ ಹೇರು ಹೆಚ್ಚಾದರೆ ನೊಗ ಮೇಲೇಳುತ್ತದೆ, ಎತ್ತಿನ ಕೊರಳ ಪಟ್ಟಿ ಬಿಗಿದು ಉಸಿರು ಕಟ್ಟುತ್ತದೆ. ಮುಂದೆ ಹೆಚ್ಚಾದರೆ ಹೆಗಲು ಹುಣ್ಣಾಗುತ್ತದೆ. ಹೇರಿನ ಬಹುಪಾಲು ಅಚ್ಚಿನ ಮೇಲೆ ಕೂತು, ನೊಗದ ಮೇಲೆ ಒಂದಿಷ್ಟು ಒತ್ತು ಇರಬೇಕು. ಟ್ರೇಲರಿಗೂ ಇದೇ ಕಟ್ಟು. ಅಮೆರಿಕದ ಪುಸ್ತಕಗಳು ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಮೂತಿಯ ಮೇಲೆ, ಅಂದರೆ ಕೊಂಡಿಯ ಮೇಲೆ, ಬೀಳಬೇಕು ಎನ್ನುತ್ತವೆ. ಯುರೋಪಿನವರು ಇನ್ನೂ ಕಡಿಮೆ ಇಟ್ಟು ಓಡಿಸುತ್ತಾರೆ. ನಾನು ನೂರಕ್ಕೆ ಹತ್ತು ಇಡುತ್ತೇನೆ.

ಈಗ ನಿಮ್ಮ ತಮ್ಮನ ಮಗನ ನಕ್ಷೆಗೆ ಬರೋಣ. ಹುಡುಗ ಬೆಸುಗೆಯಲ್ಲಿ ಜಾಣನೇ ಇರಬಹುದು, ಆದರೆ ಅಡುಗೆ ಕಟ್ಟೆ ಹಿಂದೆ, ಅದರ ಕೆಳಗೆ ನೀರಿನ ಟಾಕಿ ಎಂದು ಓದಿದ ಕೂಡಲೇ ನನಗೆ ಆ ಜೋಳದ ಹೊಲ ನೆನಪಾಯಿತು. ಒಂದು ಲೀಟರ್ ನೀರು ಒಂದು ಕೆ.ಜಿ., ಟಾಕಿ ತುಂಬಿದರೆ ಕ್ವಿಂಟಲ್. ಅದು ಅಚ್ಚಿನಿಂದ ನಾಲ್ಕಡಿ ಹಿಂದೆ, ಕೊಂಡಿ ಅಚ್ಚಿನಿಂದ ಎಂಟಡಿ ಮುಂದೆ ಎಂದಿಟ್ಟುಕೊಳ್ಳಿ. ತಕ್ಕಡಿಯ ಲೆಕ್ಕ ಶಾಲೆಯಲ್ಲಿ ನೀವೇ ಕಲಿಸಿದ್ದೀರಿ: ಆ ನೂರು ಕೆ.ಜಿ. ಮೂತಿಯ ಮೇಲಿನ ಭಾರದಲ್ಲಿ ಐವತ್ತು ಕೆ.ಜಿ. ಎತ್ತಿಬಿಡುತ್ತದೆ. ಖಾಲಿ ಇದ್ದಾಗ 65 ಕೆ.ಜಿ. ಇದ್ದ ಮೂತಿ 15ಕ್ಕೆ ಬಂತು. ಮೇಲೆ ಒಲೆ, ಪಾತ್ರೆ, ಸಿಲಿಂಡರ್ ಎಲ್ಲ ಹಿಂದೆಯೇ ಸೇರಿದರೆ ಮೂತಿ ಕಾರನ್ನು ಒತ್ತುವ ಬದಲು ಎತ್ತತೊಡಗುತ್ತದೆ. ಅದೇ ಟಾಕಿಯನ್ನು ಮಂಚದ ಕೆಳಗೆ, ಅಚ್ಚಿಗಿಂತ ಒಂದಡಿ ಮುಂದೆ ಇಟ್ಟರೆ ಮೂತಿಗೆ ಹನ್ನೆರಡು ಕೆ.ಜಿ. ಚಿಲ್ಲರೆ ಸೇರುತ್ತದೆ. ಅಡುಗೆ ಕಟ್ಟೆ ಹಿಂದೆಯೇ ಇರಲಿ, ಮನೆಯವರಿಗೆ ಅನುಕೂಲ. ನೀರು ಮತ್ತು ಬ್ಯಾಟರಿ ಮಾತ್ರ ಮುಂದೆ ಬರಲಿ. ಕಬ್ಬಿಣ ಕತ್ತರಿಸುವ ಮೊದಲೇ ಈ ಮಾತು ಅವನಿಗೆ ಮುಟ್ಟಿಸಿ.

ಆಮೇಲೆ ಆ 650. ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಬಾಯಿಮಾತಿಗೆ ಹೇಳಿದ ತೂಕವನ್ನು ನಾನು ಯಾವತ್ತೂ ನಂಬಿದವನಲ್ಲ. ಇಲ್ಲೊಂದು ಆ್ಯಂಗಲ್, ಅಲ್ಲೊಂದು ಪ್ಲೈವುಡ್ ಹಲಗೆ ಅಂತ ಸೇರುತ್ತಲೇ ಹೋಗುತ್ತದೆ. 650 ಅಂದದ್ದು 720 ಆದರೆ ಆಶ್ಚರ್ಯ ಪಡಬೇಡಿ. ಅದಕ್ಕೆ ನೀರು ನೂರು, ಇನ್ವರ್ಟರಿಗೆ ಹಾಕುವ ದೊಡ್ಡ ಬ್ಯಾಟರಿ ಐವತ್ತರ ಮೇಲೆ. ಮನೆಯ ಸಿಲಿಂಡರಿನಲ್ಲಿ 14.2 ಕೆ.ಜಿ. ಗ್ಯಾಸು, ಹೆಚ್ಚೂಕಡಿಮೆ ಅಷ್ಟೇ ತೂಕದ ಕಬ್ಬಿಣ. ಐದು ಕೆ.ಜಿ.ಯ ಸಣ್ಣದು ಒಯ್ಯಿರಿ, ಇಬ್ಬರಿಗೆ ಸಾಕು. ಗಾದಿ, ಪಾತ್ರೆ, ಖಡಕ್ ರೊಟ್ಟಿಯ ಡಬ್ಬಿ, ಶೇಂಗಾ ಚಟ್ನಿ, ಮನೆಯವರು ಬಿಡದೆ ಒಯ್ಯುವ ಒರಳು ಎಲ್ಲ ಸೇರಿದರೆ ಸುಮಾರು 900. ನಿಮ್ಮ ಗಾಡಿಯನ್ನು ಈ 900ಕ್ಕೆ ಆರಿಸಬೇಕು.

ಕಟ್ಟಿ ಮುಗಿದ ಮೇಲೆ ಲಾರಿ, ಟ್ರ್ಯಾಕ್ಟರ್ ತೂಗುವ ಕಾಟಾಕ್ಕೆ ಒಯ್ಯಿರಿ. ಕಬ್ಬಿನ ಹಂಗಾಮಿನಲ್ಲಿ ಹೋದರೆ ಟ್ರ್ಯಾಕ್ಟರ್ ಸಾಲಿನಲ್ಲಿ ಅರ್ಧ ದಿನ ಕೂರಬೇಕಾದೀತು, ಬೇಸಿಗೆಯಲ್ಲಿ ಹೋಗಿ. ಎಲ್ಲ ಸಾಮಾನು ತುಂಬಿ, ಕಾರಿನಿಂದ ಬಿಡಿಸಿ, ಇಡೀ ಟ್ರೇಲರ್ ತೂಗಿಸಿ. ನಂತರ ಚಕ್ರಗಳಷ್ಟೇ ಕಾಟಾದ ಮೇಲೆ, ಮೂತಿಯ ಜಾಕಿ ಹೊರಗೆ ಬರುವ ಹಾಗೆ ನಿಲ್ಲಿಸಿ ಇನ್ನೊಮ್ಮೆ ತೂಗಿಸಿ. ಎರಡರ ವ್ಯತ್ಯಾಸವೇ ಮೂತಿಯ ಭಾರ. ಕಾಟಾ ಐದು ಹತ್ತು ಕೆ.ಜಿ. ಹೆಚ್ಚುಕಡಿಮೆ ತೋರಿಸಬಹುದು. ಮನೆಯಲ್ಲಿ ಮನುಷ್ಯರು ನಿಂತು ತೂಗುವ ತಕ್ಕಡಿಯನ್ನು ಮೂತಿಯ ಕೆಳಗೆ ಇಟ್ಟಿಗೆಗಳ ಮೇಲಿಟ್ಟು ಪರೀಕ್ಷಿಸಿದರೆ ಇನ್ನೂ ಖಚಿತ. ಎಂಬತ್ತರಿಂದ ನೂರರೊಳಗೆ ಬಂದರೆ ನನಗೆ ಸಮಾಧಾನ.

ಈಗ ಎರ್ಟಿಗಾ. ಅದರ 105 ಕುದುರೆ ಸುಳ್ಳಲ್ಲ. ಆದರೆ ಅವು ಎಂಜಿನ್ ನಿಮಿಷಕ್ಕೆ ಆರು ಸಾವಿರ ಸುತ್ತು ತಿರುಗಿದಾಗ ಬರುವ ಕುದುರೆಗಳು. ತಿರುಚುವ ಬಲ 138 ನ್ಯೂಟನ್ ಮೀಟರ್, ಅದೂ 4,400 ಸುತ್ತಿಗೆ. ಈಗಿನ ಬೊಲೆರೊದ 75 ಕುದುರೆ ಡೀಸೆಲ್ ಎಂಜಿನ್ 1,600 ಸುತ್ತಿಗೇ 210 ನ್ಯೂಟನ್ ಮೀಟರ್ ಕೊಡುತ್ತದೆ. ಪ್ರತಿ ಊರಿನ ಅಗಸೆಯ ಮುಂದೆ ಒಂದೊಂದು ಹಂಪ್ ಇರುವ ನಮ್ಮ ರಸ್ತೆಯಲ್ಲಿ ನಿಂತು ಮತ್ತೆ ಹೊರಡುವುದೇ ಹೆಚ್ಚು. ಅಲ್ಲಿ ಬೇಕಾದದ್ದು ಕೆಳಗಿನ ಸುತ್ತಿನ ಬಲ. ಎರ್ಟಿಗಾದಲ್ಲಿ ಹಾಗೆ ಮಾಡಲು ಹೋದರೆ ಪ್ರತಿ ಹಂಪಿಗೂ ಅರ್ಧ ಕ್ಲಚ್ ಒತ್ತಬೇಕು. ಬಾದಾಮಿ ಮುಟ್ಟುವುದರೊಳಗೆ ಸುಟ್ಟ ವಾಸನೆ ಬರುತ್ತದೆ.

ಇನ್ನೊಂದಿದೆ. ಎರ್ಟಿಗಾ ಮುಂದಿನ ಚಕ್ರದಿಂದ ಓಡುವ ಗಾಡಿ. ಕೊಂಡಿ ಹಿಂದಿನ ಅಚ್ಚಿಗಿಂತ ಸುಮಾರು ಒಂದು ಮೀಟರ್ ಹಿಂದೆ ಬರುತ್ತದೆ, ಚಕ್ರಗಳ ನಡುವಿನ ಅಂತರ 2.74 ಮೀಟರ್. ಮೂತಿಯ 90 ಕೆ.ಜಿ. ಅಲ್ಲಿ ಕೂತರೆ ಹಿಂದಿನ ಚಕ್ರಗಳ ಮೇಲೆ 120ರ ಮೇಲೆ ಭಾರ ಬೀಳುತ್ತದೆ, ಮುಂದಿನವು ಮೂವತ್ತು ಚಿಲ್ಲರೆ ಕೆ.ಜಿ. ಹಗುರಾಗುತ್ತವೆ. ಎಳೆಯುವುದೂ ಅವೇ, ತಿರುಗಿಸುವುದೂ ಅವೇ, ಬ್ರೇಕಿನ ಹೆಚ್ಚು ಪಾಲೂ ಅವುಗಳದ್ದೇ. ಮಳೆ ಬಿದ್ದ ಏರಿನಲ್ಲಿ ಮುಂದಿನ ಚಕ್ರ ಸುಮ್ಮನೆ ಉಜ್ಜುತ್ತದೆ. ಎಲ್ಲಕ್ಕಿಂತ ಮೊದಲು ಗಾಡಿಯ ಜೊತೆ ಕೊಟ್ಟ ಪುಸ್ತಕ ತೆಗೆದು ಟ್ರೇಲರ್ ಎಳೆಯುವ ಬಗ್ಗೆ ಏನಿದೆ ಓದಿ. ನಮ್ಮ ದೇಶದಲ್ಲಿ ಮಾರುವ ಎಷ್ಟೋ ಕಾರುಗಳ ಪುಸ್ತಕದಲ್ಲಿ ಬೇಡವೆಂದೇ ಬರೆದಿರುತ್ತಾರೆ. ಪುಸ್ತಕ ಬೇಡ ಎಂದರೆ ನನ್ನನ್ನು ಕೇಳಬೇಡಿ, ವಿಮೆಯವರೂ ಅದನ್ನೇ ಕೇಳುತ್ತಾರೆ.

ನಿಮ್ಮ ಮಗನ ಲೆಕ್ಕ ಬೇರೆ. ಅಲ್ಲಿ ಗಾಡಿ ಮಾರುವಾಗಲೇ ಇಷ್ಟು ಪೌಂಡ್ ಎಳೆಯಬಹುದು ಎಂದು ಬರೆದುಕೊಡುತ್ತಾರೆ. ಮಧ್ಯಮ ಗಾತ್ರದ ಎಷ್ಟೋ ಗಾಡಿಗಳಿಗೆ ಅದು 3,500 ಪೌಂಡ್, ನಮ್ಮ ಲೆಕ್ಕಕ್ಕೆ ಸುಮಾರು 1,590 ಕೆ.ಜಿ. ಆ ಅಂಕಿಯ ಹಿಂದೆ ಟ್ರೇಲರಿಗೇ ಬ್ರೇಕ್ ಇರಬೇಕೆಂಬ ಷರತ್ತು ಇರುತ್ತದೆ. ಆಸ್ಟ್ರೇಲಿಯಾದಲ್ಲಿ ಸುಜುಕಿ ಜಿಮ್ನಿಗೆ ಕೊಟ್ಟಿರುವ ಮಿತಿ ನೋಡಿದರೆ ತಿಳಿಯುತ್ತದೆ. ಟ್ರೇಲರಿಗೆ ಬ್ರೇಕ್ ಇದ್ದರೆ 1,300 ಕೆ.ಜಿ., ಇಲ್ಲದಿದ್ದರೆ ಬರೇ 350. ಗಾಡಿ ಅದೇ, ಎಂಜಿನ್ ಅದೇ.

ಯುರೋಪಿನಲ್ಲಿ ಬ್ರೇಕ್ ಇಲ್ಲದ ಟ್ರೇಲರು ಎಳೆಯುವ ಕಾರಿನ ಅರ್ಧ ತೂಕ ಮೀರಬಾರದು, ಎಷ್ಟೇ ದೊಡ್ಡ ಕಾರಾದರೂ 750 ಕೆ.ಜಿ. ದಾಟಬಾರದು. ಬ್ರೇಕ್ ಇದ್ದರೂ ಹೊಸಬರು ಕಾರಿನ ತೂಕದ ನೂರಕ್ಕೆ 85ರೊಳಗೆ ಇರಲಿ ಎಂದು ಇಂಗ್ಲೆಂಡಿನ ಕ್ಯಾರವಾನ್ ಮಂದಿ ಹೇಳುತ್ತಾರೆ. ಅವರದ್ದು ಅವರ ರಸ್ತೆ. ಕಬ್ಬಿನ ಡಬ್ಬಿ, ಎಮ್ಮೆ, ರಾಂಗ್ ಸೈಡಿನ ಬೈಕು ಎಲ್ಲ ಒಟ್ಟಿಗೆ ಬರುವ ನಮ್ಮ ರಸ್ತೆಗೆ ನಾನು ನೂರಕ್ಕೆ ಅರವತ್ತು ಎನ್ನುತ್ತೇನೆ. ಇದು ಯಾವ ಪುಸ್ತಕದ್ದೂ ಅಲ್ಲ, ನನ್ನದೇ. 900ಕ್ಕೆ 1,500 ಕೆ.ಜಿ. ಗಾಡಿ ಬೇಕು. ನಿಮ್ಮ ಎರ್ಟಿಗಾ 1,150ರ ಆಸುಪಾಸು. ಅಲ್ಲಿಗೆ ಅದರ ಮಾತು ಮುಗಿಯಿತು. ಮಾರಬೇಡಿ, ಸಂತೆಗೆ, ಆಸ್ಪತ್ರೆಗೆ ಚೆಂದದ ಗಾಡಿ.

ಎಂಟು ಲಕ್ಷದೊಳಗೆ ನಾನು ಮೂರೇ ಹೆಸರು ಹೇಳುವವನು. ಮೂರಕ್ಕೂ ಕೆಳಗೆ ಪ್ರತ್ಯೇಕ ಚಾಸಿ, ಅಂದರೆ ಕಬ್ಬಿಣದ ಚೌಕಟ್ಟು, ಇದೆ, ಮೂರೂ ಹಿಂದಿನ ಚಕ್ರದಿಂದ ಓಡುತ್ತವೆ, ತೂಕ 1,600ರ ಸುತ್ತ ಅಥವಾ ಮೇಲೆ. ಕೊಂಡಿಯನ್ನು ಚಾಸಿಯ ಎರಡು ಉದ್ದ ಪಟ್ಟಿಗಳಿಗೆ ಬೋಲ್ಟ್ ಹಾಕಿ ಕೂರಿಸಬಹುದು, ಮೂತಿಯ ಭಾರ ಹಿಂದೆ ಕೂತಷ್ಟೂ ಓಡಿಸುವ ಚಕ್ರಕ್ಕೆ ಹಿಡಿತ ಹೆಚ್ಚುತ್ತದೆ.

ಬೊಲೆರೊ ನಮ್ಮ ಜಿಲ್ಲೆಯ ಗಾಡಿ. ಹಿಂದೆ ಪಾಟಾ, ಅಂದರೆ ಪಟ್ಟಿ ಸ್ಪ್ರಿಂಗು, ಇರುವುದರಿಂದ ತೂಕ ಬಿದ್ದರೆ ಹೆಚ್ಚು ಬಾಗುವುದಿಲ್ಲ, ಬಿಡಿಭಾಗ ತೇರದಾಳದಲ್ಲೂ ಸಿಗುತ್ತದೆ, ಹಳ್ಳಿಯ ಹುಡುಗನೂ ರಿಪೇರಿ ಮಾಡುತ್ತಾನೆ. ನಾನು ಈಗ ಎಳೆಯುವುದೂ ಅದರಲ್ಲೇ. ಖಾಲಿ ಹೋದರೆ ಲೀಟರಿಗೆ ಹದಿನಾಲ್ಕು ಕೊಡುವ ನನ್ನ ಗಾಡಿ ಟ್ರಾಲಿ ಕಟ್ಟಿದರೆ ಒಂಬತ್ತಕ್ಕೆ ಇಳಿಯುತ್ತದೆ. ಅದರ ಕುಂದು ಕೂರುವವರಿಗೆ ಗೊತ್ತು. ನಿಮ್ಮ ಮನೆಯವರ ಮೊಳಕಾಲಿಗೆ ಆ ಎತ್ತರದ ಮೆಟ್ಟಿಲೇ ಒಂದು ಲಾಡ್ಜು.

2014ರಿಂದ ಬಂದ 2.2 ಲೀಟರಿನ ಸ್ಕಾರ್ಪಿಯೊದಲ್ಲಿ 120 ಕುದುರೆ, 280 ನ್ಯೂಟನ್ ಮೀಟರ್ ಇದೆ. ಎಳೆಯುವ ಗುಣದಲ್ಲಿ ಮೂರರಲ್ಲಿ ಗಟ್ಟಿ. ಆದರೆ ಎತ್ತರದ ಗಾಡಿ, ತಿರುವಿನಲ್ಲಿ ಓಲಾಡುತ್ತದೆ. ಹಿಂದೆಯೂ ಒಂದು ಓಲಾಡುವ ವಸ್ತು ಕಟ್ಟಿಕೊಂಡಾಗ ನನಗೆ ಅದು ಹಿಡಿಸುವುದಿಲ್ಲ. ಜೊತೆಗೆ ಸೆಕೆಂಡ್‌ಹ್ಯಾಂಡ್ ಸ್ಕಾರ್ಪಿಯೊ ಎಂದರೆ ಹಿಂದಿನ ಮಾಲೀಕ ಹೇಗೆ ಓಡಿಸಿದ್ದಾನೋ, ಆ ಊಹೆ ನಿಮಗೇ ಬಿಟ್ಟದ್ದು.

ನಿಮಗೆ ನಾನು ಹೇಳುವುದು ಹಳೇ ಇನೋವಾ, 2.5 ಲೀಟರ್ ಡೀಸೆಲ್, ಆಮೇಲೆ ಬಂದ ಇನೋವಾ ಕ್ರಿಸ್ಟಾಕ್ಕಿಂತ ಮೊದಲಿನದು. 102 ಕುದುರೆ ಅಷ್ಟೇ, ಆದರೆ 200 ನ್ಯೂಟನ್ ಮೀಟರು 1,400 ಸುತ್ತಿನಿಂದಲೇ ಸುರುವಾಗಿ 3,400ರ ತನಕ ಹಾಗೇ ನಿಲ್ಲುತ್ತದೆ. ಚಕ್ರಗಳ ಅಂತರ ಬೊಲೆರೊಗಿಂತ ಉದ್ದ, ತಗ್ಗಿನಲ್ಲಿ ಕೂರುತ್ತದೆ, ಹಿಂದಿನ ಟ್ರೇಲರ್ ಎಳೆದಾಡಿದರೂ ಬೇಗ ದಾರಿ ಬಿಡುವುದಿಲ್ಲ. ಬಾಗಿಲು ತೆರೆದರೆ ಸೀಟು ಸೊಂಟದ ಎತ್ತರಕ್ಕೇ ಸಿಗುತ್ತದೆ, ಮನೆಯವರು ಕೂತು ಕಾಲು ಒಳಗೆ ತೊಗೊಂಡರಾಯಿತು. ಹಿಂದಿನ ಸ್ಪ್ರಿಂಗು ಮೆತ್ತಗೆ, ಹಳೇದಾಗಿದ್ದರೆ ಎರಡೂ ಹೊಸದು ಹಾಕಿಸಿ. ಕೊಳ್ಳುವಾಗ ಟ್ಯಾಕ್ಸಿ ಓಡಿದ್ದಲ್ಲ ಎಂದು ಆರ್‌ಸಿ ನೋಡಿ. ಮೀಟರ್ ನಂಬಬೇಡಿ, ಕ್ಲಚ್ ಪೆಡಲಿನ ರಬ್ಬರು, ಸ್ಟೇರಿಂಗಿನ ಹೊಳಪು ನೋಡಿ. ಏರಿನಲ್ಲಿ ಮೂರನೇ ಗೇರಿನಲ್ಲಿ ನಿಧಾನ ಹೋಗುತ್ತಾ ಒಮ್ಮೆಲೇ ಆಕ್ಸಿಲರೇಟರ್ ಒತ್ತಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. 2012ರ ಗಾಡಿಯಾದರೆ 2027ಕ್ಕೆ ಹದಿನೈದು ವರ್ಷ ತುಂಬುತ್ತದೆ, ನೋಂದಣಿ ನವೀಕರಣದ ಖರ್ಚು ಲೆಕ್ಕಕ್ಕೆ ಹಿಡಿದೇ ಚೌಕಾಸಿ ಮಾಡಿ. ಒಳ್ಳೆಯದು ಸಿಗದಿದ್ದರೆ ಬೊಲೆರೊ ತೊಗೊಂಡು ಒಂದು ಅಡ್ಡಮೆಟ್ಟಿಲು ಹಾಕಿಸಿ.

ಗಾಡಿ ಯಾವುದಾದರೂ ಸರಿ, ಟ್ರೇಲರಿಗೆ ಅದರದೇ ಬ್ರೇಕ್ ಇರಲೇಬೇಕು. ಸಣ್ಣ ಟ್ರೇಲರುಗಳಿಗೆ ಬರುವ ಉಪಾಯ ಸರಳ: ನೀವು ಬ್ರೇಕ್ ಹಿಡಿದಾಗ ಹಿಂದಿನದು ಮುಂದಕ್ಕೆ ನೂಕುತ್ತದಲ್ಲ, ಆ ನೂಕೇ ಕೊಂಡಿಯೊಳಗಿನ ಸರಳನ್ನು ಒತ್ತಿ ಟ್ರೇಲರಿನ ಬ್ರೇಕ್ ಹಿಡಿಸುತ್ತದೆ. ಕೊಂಡಿ ಕಳಚಿದರೆ ತಂತಿಯೊಂದು ಎಳೆದು ಟ್ರೇಲರನ್ನು ನಿಲ್ಲಿಸಬೇಕು. ಅದಲ್ಲದೆ ಎರಡು ಸರಪಳಿ, ಮೂತಿಯ ಕೆಳಗೆ ಒಂದಕ್ಕೊಂದು ಅಡ್ಡ ಹಾಯ್ದು ಕಟ್ಟಿರಬೇಕು. ಆಗ ಮೂತಿ ಕಳಚಿದರೂ ನೆಲಕ್ಕೆ ಕುಟ್ಟದೆ ಸರಪಳಿಯ ತೊಟ್ಟಿಲಲ್ಲಿ ಕೂರುತ್ತದೆ. ಟ್ರ್ಯಾಕ್ಟರಿನ ರಿಂಗು-ಪಿನ್ನು ಕೊಂಡಿ ಬೇಡವೇ ಬೇಡ. ಅದರ ಸಡಿಲು ಇಪ್ಪತ್ತರ ವೇಗಕ್ಕೆ ಸರಿ, ಅರವತ್ತಕ್ಕೆ ಸುತ್ತಿಗೆ ಪೆಟ್ಟು. 50 ಮಿ.ಮೀ. ಗುಂಡಿನ ಕೊಂಡಿ ಹಾಕಿಸಿ, ಗುಂಡು ಮತ್ತು ಟೊಪ್ಪಿಗೆ ಒಂದೇ ಅಳತೆಯವೇ ಎಂದು ನೋಡಿ.

ಹುಡುಗ ಬೆಸುಗೆ ಹಚ್ಚುವ ಮೊದಲು ಜಮಖಂಡಿ ಆರ್‌ಟಿಒಗೆ, ನಿಮ್ಮ ಕೆಎ-48ರ ಕಚೇರಿಗೆ, ಒಂದು ಸುತ್ತು ಹಾಕಿ. ಮೋಟಾರು ವಾಹನ ಕಾಯ್ದೆಯ 61ನೇ ಕಲಮಿನ ಪ್ರಕಾರ ಟ್ರೇಲರಿಗೂ ಬೇರೆ ಗಾಡಿಗಳ ಹಾಗೆ ನೋಂದಣಿ ಬೇಕು. ಶೆಡ್ಡಿನಲ್ಲಿ ಮನಸ್ಸಿಗೆ ಬಂದಂತೆ ಮಾಡಿ ಆಮೇಲೆ ನಂಬರ್ ಕೊಡಿ ಎಂದರೆ ನಡೆಯದು. ಅನುಮೋದಿತ ನಮೂನೆಯ ಚಾಸಿ, ಅಚ್ಚು, ಬ್ರೇಕ್ ಕೊಂಡು ಮೇಲಿನ ಮನೆ ಮಾತ್ರ ಹುಡುಗ ಕಟ್ಟುವುದಾದರೂ ಏನೇನು ಕಾಗದ ಬೇಕೆಂದು ಮೊದಲೇ ಕೇಳಿಕೊಳ್ಳಿ. ಕಾರಿಗೆ ಕೊಂಡಿ ಹಾಕಿಸುವುದೂ ಬದಲಾವಣೆಯೇ, 52ನೇ ಕಲಮಿನ ಕೆಳಗೆ ಬರುತ್ತದೆಯೇ ಎಂದು ಅಲ್ಲೇ ಕೇಳಿ. ವಿಮೆಯವರಿಗೆ ಎರಡನ್ನೂ ಬರೆದು ತಿಳಿಸಿ.

ಓಡಿಸುವಾಗ ಅರವತ್ತು ದಾಟಬೇಡಿ. ವೇಗ ಎರಡು ಪಟ್ಟಾದರೆ ಬ್ರೇಕ್ ತಿನ್ನಬೇಕಾದ ಶಕ್ತಿ ನಾಲ್ಕು ಪಟ್ಟು, ಇದೂ ನಿಮಗೆ ಗೊತ್ತಿರುವ ಪಾಠವೇ. ಹಿಂದಿನದು ಅಲ್ಲಾಡಿದರೆ ನಾನು ಮಾಡಿದ್ದನ್ನು ಮಾಡಬೇಡಿ. ಸ್ಟೇರಿಂಗ್ ನೇರ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಗಾಡಿ ತಾನಾಗಿ ನಿಧಾನವಾಗಲು ಬಿಡಿ. ಎದುರಾಡಿ ತಿರುಗಿಸಿದರೆ ಅಲ್ಲಾಟ ಹೆಚ್ಚುತ್ತದೆ. ಆಮೇಲೆ ನಿಂತು ಸಾಮಾನು ಮುಂದಕ್ಕೆ ಸರಿಸಿ.

ಚೋರ್ಲಾ ಈ ವರ್ಷ ಬೇಡ. ಜಾಂಬೋಟಿ, ಕಣಕುಂಬಿ ತನಕ ಹೋಗಿ, ಕಾಡು ನೋಡಿ, ರಾತ್ರಿ ಉಳಿದು ವಾಪಸ್ ಬನ್ನಿ. ಘಾಟಿಯ ತಿರುವುಗಳಲ್ಲಿ ಟ್ರೇಲರ್ ಒಳಗಿನ ಕಡೆ ಕೊರೆದುಕೊಂಡು ಬರುತ್ತದೆ, ಎದುರಿಗೆ ಬಸ್ಸು ಬಂದರೆ ಹಿಂದಕ್ಕೆ ತೆಗೆಯಬೇಕಾಗುತ್ತದೆ. ಒಂದು ವರ್ಷ ಕೂಡಲಸಂಗಮ, ಹಿಡಕಲ್ ಅಂತ ಬಯಲು ರಸ್ತೆಯಲ್ಲಿ ಕೈ ಪಳಗಲಿ. ಇಳಿಯುವ ದಿನ ಬಂದಾಗ ಹತ್ತಿದ ಗೇರಿಗಿಂತ ಒಂದು ಕೆಳಗಿನ ಗೇರಿನಲ್ಲಿ ಇಳಿಯಿರಿ, ಬ್ರೇಕನ್ನು ಹಿಡಿದೇ ಇಳಿಯಬೇಡಿ.

ಪ್ರಶ್ನೆ: ನಮ್ಮದು ಎಲೆಕ್ಟ್ರಿಕ್ ಕಾರು. ನಿಂತಲ್ಲಿಂದಲೇ ಪೂರ್ತಿ ಬಲ ಬರುತ್ತದಲ್ಲ, ಟ್ರೇಲರಿಗೆ ಇದೇ ಒಳ್ಳೆಯದಲ್ಲವೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಟಿಳಕವಾಡಿ, ಬೆಳಗಾವಿ

ಉತ್ತರ: ಬಲದ ವಿಷಯದಲ್ಲಿ ನೀವು ಹೇಳಿದ್ದು ಸರಿ, ತೂಕವೂ ಇದೆ, ಇಳಿಜಾರಿನಲ್ಲಿ ಮೋಟರೇ ತಡೆ ಹಿಡಿಯುತ್ತದೆ. ತೊಂದರೆ ಗಾಳಿಯದ್ದು. ಕಾರಿಗಿಂತ ಎತ್ತರದ ಪೆಟ್ಟಿಗೆಯನ್ನು ಗಾಳಿಗೆ ಒಡ್ಡಿ ಹೊರಟರೆ ಒಂದು ಚಾರ್ಜಿಗೆ ಓಡುವ ದೂರ ಅರ್ಧಕ್ಕೆ ಬರುವುದು ಅಪರೂಪವಲ್ಲ. ಬೆಳಗಾವಿಯಿಂದ ವಿಜಯಪುರಕ್ಕೆ ಹೊರಟವರು ನಡುವೆ ಎಲ್ಲಿ ಚಾರ್ಜ್ ಮಾಡುತ್ತೀರಿ, ಅಲ್ಲಿ ಟ್ರೇಲರ್ ಬಿಡಿಸದೆ ಗಾಡಿ ನಿಲ್ಲುತ್ತದೆಯೇ, ಅದನ್ನು ನೋಡಿಕೊಂಡು ಬನ್ನಿ. ಕೊಂಡಿ ಹಾಕಲು ಕಂಪನಿಯ ಒಪ್ಪಿಗೆ ಇರಬೇಕು ಎನ್ನುವುದು ಇಲ್ಲಿಯೂ ಅಷ್ಟೇ. ಕೆಳಗೆ ಬ್ಯಾಟರಿ ಇರುವ ಗಾಡಿಗೆ ಯಾವನೋ ಬಂದು ತೂತು ಕೊರೆಯುವುದನ್ನು ನಾನಂತೂ ನೋಡಲಾರೆ.

ಪ್ರಶ್ನೆ: ಸವದತ್ತಿ ಎಲ್ಲಮ್ಮನ ಜಾತ್ರೆಗೆ ಮನೆ ಮಂದಿಯೆಲ್ಲ ಟ್ರ್ಯಾಕ್ಟರ್ ಡಬ್ಬಿಯಲ್ಲೇ ಹೋಗುವವರು ನಾವು. ಅದಕ್ಕೇ ತಗಡಿನ ಮಾಡು ಕಟ್ಟಿ ಮಲಗುವ ಹಾಗೆ ಮಾಡಿದರೆ ಕಾರಿನ ಖರ್ಚು ಉಳಿಯಿತಲ್ಲ?
— ರೈತರು, ಇಂಡಿ ತಾಲೂಕು, ವಿಜಯಪುರ ಜಿಲ್ಲೆ

ಉತ್ತರ: ಅಣ್ಣಾರ, ನಿಂತ ಡಬ್ಬಿಯಲ್ಲಿ ಮಲಗಿ, ನನ್ನದೇನೂ ತಕರಾರಿಲ್ಲ. ಓಡುವ ಡಬ್ಬಿಯಲ್ಲಿ ಮಂದಿ ಬೇಡ, ಮಕ್ಕಳಂತೂ ಬೇಡವೇ ಬೇಡ. ಡಬ್ಬಿಗೆ ಬ್ರೇಕ್ ಇಲ್ಲ, ಹಿಂದೆ ಲೈಟ್ ಇಲ್ಲ, ತಗಡಿನ ಮಾಡು ಕಟ್ಟಿದರೆ ಎತ್ತರ ಹೆಚ್ಚಿ ತಿರುವಿನಲ್ಲಿ ಇನ್ನೂ ಬೇಗ ಮಗುಚುತ್ತದೆ. ಮಂದಿಯನ್ನು ಬಸ್ಸಿಗೆ ಹತ್ತಿಸಿ, ಅಡುಗೆ ಸಾಮಾನು ಡಬ್ಬಿಯಲ್ಲಿ ಮೊದಲೇ ಕಳಿಸಿ. ಹಿಂದೆ ಹೊಳೆಯುವ ಕೆಂಪು ಪಟ್ಟಿ ಅಂಟಿಸುವುದನ್ನು ಮರೆಯಬೇಡಿ, ನೂರಿನ್ನೂರು ರೂಪಾಯಿಯ ಕೆಲಸ.

ಪ್ರಶ್ನೆ: ನನ್ನ ಸಣ್ಣ ಟ್ರೇಲರ್ ವರ್ಷದಲ್ಲಿ ಎರಡೇ ಸಲ ಹೊರಗೆ ಬರುತ್ತದೆ. ಟೈರ್ ಗುಂಡಿ ಇನ್ನೂ ಹೊಸದರ ಹಾಗಿದ್ದರೂ ಹೋದ ಸಲ ಒಡೆಯಿತು. ಯಾಕೆ? ಹಿಂದಕ್ಕೆ ತೆಗೆಯುವುದೂ ಬರುತ್ತಿಲ್ಲ, ಪ್ರತಿ ಸಲ ಮಡಚಿಕೊಳ್ಳುತ್ತದೆ.
— ಅಂಗಡಿ ಮಾಲೀಕರು, ಗೋಕಾಕ

ಉತ್ತರ: ಟ್ರೇಲರಿನ ಟೈರು ಸವೆದು ಸಾಯುವುದಕ್ಕಿಂತ ಮುಪ್ಪಿನಿಂದ ಸಾಯುವುದೇ ಹೆಚ್ಚು. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿ ಇವೆ. 2317 ಎಂದಿದ್ದರೆ 2017ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ್ದನ್ನು ನಾನು ಎಳೆಯುವುದಿಲ್ಲ. ಬಿಸಿಲಿಗೆ ನಿಲ್ಲಿಸುವುದಾದರೆ ಗೋಣಿಚೀಲ ಹೊದಿಸಿ. ತೂಕದ ಅಂಕಿಯನ್ನೂ ನೋಡಿ: 82 ಎಂದಿರುವ ಟೈರು ಹೊರುವುದು 475 ಕೆ.ಜಿ., 91 ಎಂದಿದ್ದರೆ 615. ಎರಡು 82ರ ಮೇಲೆ ಒಂಬೈನೂರು ಹೇರಿ, ಗಾಳಿ ಕಡಿಮೆ ಇಟ್ಟು ಮೇ ತಿಂಗಳಲ್ಲಿ ಹೊರಟರೆ ಒಡೆಯದೆ ಬಿಟ್ಟೀತೇ? ಹೊರಡುವ ಮುಂಚೆ ಚಕ್ರ ಎತ್ತಿ ತಿರುಗಿಸಿ. ಬೇರಿಂಗ್ ಗರಗರ ಎಂದರೆ ಗ್ರೀಸು ಬೇಕು.

ಹಿಂದಕ್ಕೆ ತೆಗೆಯಲು ಸ್ಟೇರಿಂಗಿನ ಮೇಲ್ಗಡೆ ಅಲ್ಲ, ಕೆಳಗಡೆ ಒಂದೇ ಕೈ ಇಡಿ. ಟ್ರೇಲರ್ ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈ ಸರಿಸಿ, ಅದು ಆ ಕಡೆಗೇ ಹೋಗುತ್ತದೆ. ಸ್ವಲ್ಪವೇ ಸರಿಸಿ, ಕಾಯಿರಿ, ಮಡಚಲು ಸುರು ಆದ ಕೂಡಲೇ ನಿಂತು ಮುಂದಕ್ಕೆ ಎಳೆದು ನೇರ ಮಾಡಿಕೊಳ್ಳಿ. ಉದ್ದದ ಟ್ರೇಲರಿಗಿಂತ ಗಿಡ್ಡದ್ದು ಬೇಗ ಮಡಚುತ್ತದೆ, ನಿಮ್ಮದು ಗಿಡ್ಡದ್ದಾದ್ದರಿಂದ ನಿಮ್ಮ ತಪ್ಪೊಂದೇ ಅಲ್ಲ. ಹಂಗಾಮು ಮುಗಿದ ಮೇಲೆ ಹತ್ತಿರದ ಸಕ್ಕರೆ ಕಾರ್ಖಾನೆಯವರನ್ನು ಕೇಳಿ, ಟ್ರ್ಯಾಕ್ಟರ್ ನಿಲ್ಲುವ ಅಂಗಳ ಖಾಲಿ ಇರುತ್ತದೆ. ಎರಡು ಹಳೇ ಟೈರ್ ನಡುವೆ ಒಳಗೆ ಹೋಗುವುದನ್ನು ಒಂದು ಬೆಳಗ್ಗೆ ಪೂರ್ತಿ ಮಾಡಿ. ಜಮಖಂಡಿಯ ಮಾಸ್ತರ್ರು ಇನೋವಾ ತೊಗೊಂಡ ಮೇಲೆ ಅವರನ್ನೂ ಕರೆಯಿರಿ, ಇಬ್ಬರಿಗೂ ಪಾಠ ಒಂದೇ.